ಕುರುಬ ಎಂಬ ಮಾತಿನ ತಕರಾರು

ದೇವದುರ್ಗದಲ್ಲಿ ನಮ್ಮ ಪ್ರಾರ್ಥನೆಯ ಮನೆಗೆ ಮೂರೇ ಗೋಡೆ. ನಾಲ್ಕನೆಯ ಕಡೆ ದಾರಿಗೆ ತೆರೆದುಕೊಂಡಿತ್ತು. ಹೋಗುವವರು ಬರುವವರು ಅಲ್ಲಿ ಒಂದಿಷ್ಟು ಹೊತ್ತು ನಿಂತು ಕೇಳಿ ಹೋಗುತ್ತಿದ್ದರು. ನನ್ನ ಅಪ್ಪ ಅಲ್ಲಿನ ಬೋಧಕರು. ನಾನು ರಾಯಚೂರಿನ ಬೋರ್ಡಿಂಗಿನಲ್ಲಿ ಓದಿದವಳು. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ಕಾಲರಾದಲ್ಲಿ ತೀರಿಕೊಂಡ. ತವರಿಗೆ ಮರಳಿ ಕೇರಿಯ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಅಪ್ಪನ ಕಣ್ಣಿಗೆ ಪೊರೆ ಬಂದು ಅಚ್ಚಿನ ಅಕ್ಷರ ಕಾಣದಂತಾದ ಮೇಲೆ, ಭಾನುವಾರ ಬೈಬಲ್ ಓದುವ ಕೆಲಸವೂ ನನ್ನ ಪಾಲಿಗೆ ಬಂತು. ನಾನು ಓದುತ್ತಿದ್ದೆ, ಅವರು ಅರ್ಥ ಹೇಳುತ್ತಿದ್ದರು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ಕಚೇರಿಯಲ್ಲಿ ಉರ್ದು, ಸಂತೆಯಲ್ಲಿ ಕನ್ನಡ, ಬೀಗರು ಬಂದರೆ ತೆಲುಗು. ಇವುಗಳ ನಡುವೆ ನಮ್ಮ ಪುಸ್ತಕದ ಕನ್ನಡ ದೂರದ ಸೀಮೆಯಿಂದ ಬಂದ ನೆಂಟನಂತಿತ್ತು. ಎಲ್ಲರೂ ಮರ್ಯಾದೆಯಿಂದ ಕೂತು ಕೇಳುತ್ತಿದ್ದರು. ಎಷ್ಟು ತಿಳಿಯಿತೆಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಒಂದು ಭಾನುವಾರ ದೇವರನ್ನು ಕುರುಬನೆಂದು ಕರೆಯುವ ಕೀರ್ತನೆಯನ್ನು ಓದಿದೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ದಾರಿಯ ಕಡೆಯಿಂದ ಯಾರೋ ನಕ್ಕರು. ಕುರುಬರ ಓಣಿಯ ಹಿರಿಯನೊಬ್ಬ, ಹೆಗಲ ಮೇಲೆ ಮಾರಲು ತಂದ ಕಂಬಳಿಗಳು, ಕಂಬಕ್ಕೆ ಒರಗಿ ನಿಂತಿದ್ದ.

"ಏನ್ ತಂಗಿ, ನಿಮ್ಮ ದೇವರು ನಮ್ಮ ಹಾಲುಮತದಾಗ ಹುಟ್ಯಾನೇನು?" ಎಂದ. ಕುಹಕವಿರಲಿಲ್ಲ, ನೆಂಟಸ್ತನ ಹೊಸದಾಗಿ ಪತ್ತೆಯಾದವನ ಹಿಗ್ಗು ಅವನ ಮುಖದಲ್ಲಿತ್ತು. ಒಳಗೆ ಕೂತವರೂ ನಕ್ಕರು. ಅಪ್ಪ ಏನೋ ಅರ್ಥ ಹೇಳಿ ಮುಗಿಸಿದರು.

ಆದರೆ ನಮ್ಮ ಪಕ್ಕದ ಮನೆಯಾಕೆ ನಕ್ಕಿರಲಿಲ್ಲ. ಕೂಲಿಗೆ ಹೋಗಿ ಮೂರು ಮಕ್ಕಳನ್ನು ಸಾಕುತ್ತಿದ್ದ ಹೆಂಗಸು. ಸಂಜೆ ನಮ್ಮ ಕಟ್ಟೆಗೆ ಬಂದು ಕೂತಳು.

"ಅಕ್ಕೋರ, ಒಂದು ಮಾತು ಕೇಳ್ಲೇನ್ರಿ? ಆ ಕುರುಬರ ಬಾವಿಗೆ ಹೋದ್ರ ನಮ್ಮ ಕೊಡ ದೂರ ಇಡಸ್ತಾರ. ಮ್ಯಾಲಿಂದ ನೀರು ಸುರೀತಾರ. ದೇವರೂ ಅವರ ಮಂದಿನೇ ಅಂದ ಮ್ಯಾಲ, ನಾವು ಈ ಗುಡಿಗೆ ಯಾಕ ಬರಬೇಕು?"

ಕುರುಬ ಎಂದರೆ ಕುರಿ ಕಾಯುವವನು, ಅದು ಜಾತಿಯ ಮಾತಲ್ಲ ಎಂದು ನಾನು ಬೋರ್ಡಿಂಗಿನಲ್ಲಿ ಕಲಿತದ್ದನ್ನೆಲ್ಲ ಹೇಳಿದೆ. ಆಕೆ ತಲೆಯಾಡಿಸಿದಳು, ಎದ್ದು ಹೋದಳು. ಮುಂದಿನ ಭಾನುವಾರ ಬರಲಿಲ್ಲ.

ಆ ವಾರವೆಲ್ಲ ನನಗೆ ಅದೇ ಚಿಂತೆ. ಅಪ್ಪನನ್ನು ಕೇಳಿದರೆ, "ನಿನಗ ತಿಳಿದಂಗ ಮಾಡು ಯವ್ವಾ" ಎಂದರು. ಮತ್ತೊಮ್ಮೆ ಆ ಕೀರ್ತನೆ ಓದಬೇಕಾಗಿ ಬಂದಾಗ ಪುಸ್ತಕದಲ್ಲಿದ್ದ ಮಾತನ್ನು ಬಿಟ್ಟು, 'ನನ್ನನ್ನು ಕಾಯುವವನು' ಎಂದು ಓದಿದೆ. ಉಳಿದದ್ದನ್ನೂ ನಮ್ಮ ಮಾತಿಗೆ ಹೊರಳಿಸಿದೆ: ಹಸಿ ಹುಲ್ಲಿನಾಗ ಮಲಗಸ್ತಾನ, ತಣ್ಣನ್ನ ನೀರಿನ ತನಕ ತಾನೇ ಕರಕೊಂಡು ಹೋಗ್ತಾನ. ಪಕ್ಕದ ಮನೆಯಾಕೆಯನ್ನು ಅಂದು ಕೈಹಿಡಿದು ಕರೆತಂದಿದ್ದೆ. ನೀರಿನ ಮಾತು ಬಂದಾಗ ಆಕೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ಕಂಬಳಿಯವನೂ ಅಂದು ಬಂದಿದ್ದ. ಪ್ರಾರ್ಥನೆ ಮುಗಿದ ಮೇಲೆ ನನ್ನನ್ನು ತಡೆದು ನಿಲ್ಲಿಸಿದ.

"ನಮ್ಮ ಹೆಸರು ಯಾಕ ತೆಗದಿ ತಂಗಿ? ಓಣಿಯಾಗ ಎಲ್ಲರಿಗೂ ಹೇಳಿ ಬಂದೀನಿ, ಅಲ್ಲಿ ದೇವರಿಗೆ ನಮ್ಮ ಹೆಸರು ಹಿಡದು ಕರೀತಾರ ಅಂತ."

ಉತ್ತರ ಕೊಟ್ಟವಳು ಪಕ್ಕದ ಮನೆಯಾಕೆ. ಅವನ ಎದುರು ನಿಂತು ಮಾತಾಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಯಪ್ಪಾ, ಹೆಸರು ಇರಲೇಳ್ರಿ. ಆ ಕುರುಬ ನೀರಿನ ತನಕ ಕರಕೊಂಡು ಹೋಗ್ತಾನಂತ. ನೀವು?"

ಅವನು ಆಕೆಯನ್ನು ನೋಡಿದ, ನನ್ನನ್ನು ನೋಡಿದ. ಕಂಬಳಿಗಳನ್ನು ಹೆಗಲಿಗೇರಿಸಿಕೊಂಡು ಓಣಿಯ ಕಡೆ ನಡೆದ. ಏನಾದರೂ ಅನಾಹುತ ಆದೀತೆಂದು ನಾವಿಬ್ಬರೂ ಹೆದರಿದೆವು. ಏನೂ ಆಗಲಿಲ್ಲ.

ಆದದ್ದು ಬೇರೆ ಕಡೆಯಿಂದ. ನಾನು ಬೈಬಲಿನ ಮಾತು ಬದಲಿಸಿ ಓದಿದೆನೆಂಬ ಸುದ್ದಿ ರಾಯಚೂರಿಗೆ ಮುಟ್ಟಿತು. ಅಲ್ಲಿನ ಅಯ್ಯನವರು ನಮ್ಮ ಸೀಮೆಯ ಬೋಧಕರಿಗೆಲ್ಲ ಹಿರಿಯರು. ಮೈಸೂರ ಕಡೆಯವರು, ಶಿಸ್ತಿನವರು, ಕಡಿಮೆ ಮಾತಿನವರು. ಮಾನ್ವಿಯಲ್ಲಿ ಬೋಧಕರ ಸಭೆ ಸೇರುವಾಗ ತಂದೆ ಮಗಳು ಇಬ್ಬರೂ ಬರಬೇಕೆಂದು ಹೇಳಿ ಕಳಿಸಿದರು. ಗಾಡಿ ಕಟ್ಟಿಕೊಂಡು, ನಡುವೆ ಸಿರವಾರದಲ್ಲಿ ಇಳಿದು ಬುತ್ತಿ ಉಂಡು, ಮಾನ್ವಿ ತಲುಪಿದೆವು. ದಾರಿಯುದ್ದಕ್ಕೂ ನಾನು ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ.

ಸಭೆ ನಡೆದದ್ದು ಬೇವಿನ ಮರದ ಕೆಳಗೆ. ಗಂಡಸರ ನಡುವೆ ನಾನೊಬ್ಬಳೇ ಹೆಂಗಸು. ಅಯ್ಯನವರು ನೇರವಾಗಿ ವಿಷಯಕ್ಕೆ ಬಂದರು.

"ಆ ಮಾತನ್ನು ಆರಿಸಿದವರು ಮೂಲ ಭಾಷೆ ಕಲಿತವರು. ಒಂದೊಂದು ಪದಕ್ಕೂ ಕೂತು ಚರ್ಚಿಸಿದವರು. ದೇವದುರ್ಗಕ್ಕೊಂದು, ಮಾನ್ವಿಗೊಂದು ಅಂತ ಬದಲಿಸುತ್ತಾ ಹೋದರೆ ಕೊನೆಗೆ ಊರಿಗೊಂದು ಬೈಬಲ್ ಆಗುತ್ತದೆ. ಕುರುಬ ಅಂದರೆ ಕುರಿ ಕಾಯುವವನು. ಜಾತಿ ನಿಮ್ಮ ಕಿವಿಯಲ್ಲಿದೆ, ಪುಸ್ತಕದಲ್ಲಿಲ್ಲ."

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ತೋಚಿದ್ದನ್ನು ಹೇಳಿದೆ: "ಮಾತು ಒಳಗ ಹೋಗೋದು ಕಿವಿ ಹಾದೇ ಅಲ್ಲೇನ್ರಿ, ಅಯ್ಯನವರ?"

ಒಬ್ಬಿಬ್ಬರು ನಕ್ಕರು. ಅಯ್ಯನವರು ನಗಲಿಲ್ಲ. ನಾನು ಪಕ್ಕದ ಮನೆಯಾಕೆಯ ಸಂಗತಿ ಹೇಳಿದೆ, ಕಂಬಳಿಯವನದನ್ನೂ ಹೇಳಿದೆ. ಪದ ಇಟ್ಟರೆ ಒಬ್ಬರಿಗೆ ನೋವು, ತೆಗೆದರೆ ಇನ್ನೊಬ್ಬರಿಗೆ. ಏನು ಮಾಡಬೇಕೆಂದು ನನಗೂ ತಿಳಿಯದು ಎಂದೆ. ಒಬ್ಬ ಬೋಧಕರು ಎದ್ದು, ಹೆಣ್ಣುಮಗಳ ಕೈಗೆ ಪುಸ್ತಕ ಕೊಟ್ಟದ್ದೇ ತಪ್ಪು ಎಂದರು. ಆಗ ಅಪ್ಪ ಕೋಲೂರಿ ಎದ್ದು ನಿಂತರು.

"ನನ್ನ ಕಣ್ಣು ಹೋಗ್ಯಾವ್ರಿ. ಇಷ್ಟು ವರ್ಷ ನಾನು ಓದಾಂವ, ಮಂದಿ ಕೇಳಾವ್ರು. ಈಗ ನಾನೂ ಅವರ ಸಾಲಿನಾಗ ಕೂತೀನಿ. ಕೂತ ಮ್ಯಾಲ ಗೊತ್ತಾತು, ನಾನು ಓದಿದ್ದು ಅವರಿಗೆ ಅರ್ಧಾನೂ ಮುಟ್ಟಿಲ್ಲ ಅಂತ. ನನ್ನ ಮಗಳು ಓದಿದ ದಿನ ಮುಟ್ಯದ."

ಅಯ್ಯನವರು ಸಭೆಯನ್ನು ಊಟಕ್ಕೆ ಬಿಟ್ಟರು. ತಾವು ಉಣ್ಣದೆ ಕೆರೆಯ ಕಡೆ ಹೋಗಿ ಒಬ್ಬರೇ ತಿರುಗಾಡಿದರು. ಮರಳಿ ಬಂದು ನನ್ನನ್ನು ಕರೆದರು.

"ನೋಡಮ್ಮ, ಅಚ್ಚಾದದ್ದನ್ನು ಅಚ್ಚಾದಂತೆಯೇ ಓದು, ಒಂದಕ್ಷರ ಬಿಡಬೇಡ. ಆಮೇಲೆ ಪುಸ್ತಕ ಮುಚ್ಚು. ಮುಚ್ಚಿದ್ದು ಜನಕ್ಕೆ ಕಾಣಬೇಕು. ಆಮೇಲೆ ನಿಮ್ಮ ಮಾತಿನಲ್ಲಿ ಹೇಳು. ಯಾವುದು ಪುಸ್ತಕದ್ದು, ಯಾವುದು ನಿನ್ನದು ಅಂತ ಅವರಿಗೆ ಗೊತ್ತಾಗಲಿ." ಮರದ ಕೆಳಗೆ ಮತ್ತೆ ಸೇರುತ್ತಿದ್ದ ಬೋಧಕರ ಕಡೆ ನೋಡಿ, "ಉಳಿದವರೂ ಹೀಗೇ ಮಾಡಲಿ ಅಂತ ಹೇಳುತ್ತೇನೆ" ಎಂದರು.

ನಾನು ಬೈಸಿಕೊಳ್ಳಲೆಂದೇ ಬಂದವಳು. ಕಣ್ಣಲ್ಲಿ ನೀರು ಬಂತು. ಅಪ್ಪನಿಗೆ ಅದು ಕಾಣಲಿಲ್ಲ. ಆದರೆ ಗಾಡಿ ಹತ್ತುವಾಗ ನನ್ನ ತಲೆ ಸವರಿದರು.

ಅಂದಿನಿಂದ ಹಾಗೇ ನಡೆಯಿತು. ಪುಸ್ತಕ ಮುಚ್ಚಿದೊಡನೆ ಜನ ಮುಂದಕ್ಕೆ ಜರಗಿ ಕೂರುತ್ತಿದ್ದರು. ಕೆಲವರು ನಡುವೆಯೇ ಪ್ರಶ್ನೆ ಹಾಕುತ್ತಿದ್ದರು. ಮನೆ ಬಿಟ್ಟು ಹೋದ ಮಗ ಮರಳಿ ಬಂದ ಕತೆ ಹೇಳಿದಾಗ, ಅವನ ತಾಯಿ ಎಲ್ಲಿದ್ದಳೆಂದು ಹೆಂಗಸರೆಲ್ಲ ಕೇಳಿದರು. ಪುಸ್ತಕದಲ್ಲಿ ಅದಿಲ್ಲ ಎಂದೆ. "ಇದ್ದಿದ್ರ ಮೊದಲು ಆಕೀನೇ ಓಡಿ ಬರ್ತಿದ್ಲು ಬಿಡ್ರಿ" ಎಂದು ಮುದುಕಿಯೊಬ್ಬಳು ತೀರ್ಪು ಕೊಟ್ಟಳು.

ಆ ಬೇಸಿಗೆಯಲ್ಲಿ ಕೇರಿಯ ಹೊಂಡ ಬತ್ತಿತು. ಒಂದು ಮುಂಜಾನೆ ಕಂಬಳಿಯವನು ಪಕ್ಕದ ಮನೆಯ ಮುಂದೆ ಬಂದು ನಿಂತ. "ಹೊಲದಾಗಿನ ನನ್ನ ಬಾವ್ಯಾಗ ನೀರು ಅದ. ಕುರಿ ಇಳೀತಾವ, ನೀವೂ ಇಳೀರಿ" ಎಂದ. ಅವನ ಅಣ್ಣತಮ್ಮಂದಿರು ಅದಕ್ಕೆ ಜಗಳ ತೆಗೆದರೆಂದು ಆಮೇಲೆ ಕೇಳಿದೆ. ನಮ್ಮವರಲ್ಲೂ ಮೊದಲ ದಿನ ಹೋದದ್ದು ಆಕೆಯೊಬ್ಬಳೇ. ತಾನೇ ಮೆಟ್ಟಿಲಿಳಿದು, ತನ್ನ ಕೈಯಿಂದ ಕೊಡ ಮುಳುಗಿಸಿ ತಂದಳು. ಮರುದಿನ ಇನ್ನೂ ನಾಲ್ಕಾರು ಮಂದಿ ಹೋದರು. ಊರೊಳಗಿನ ಬಾವಿಗಳು ಮಾತ್ರ ಇದ್ದಂತೆಯೇ ಇದ್ದವು. ಅವಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು.

ಮುಂದಿನ ವರ್ಷ ಅಯ್ಯನವರು ನನ್ನನ್ನು ರಾಯಚೂರಿಗೆ ಕರೆಸಿಕೊಂಡರು. ನಮ್ಮ ಸೀಮೆಯ ಮಾತಿನಲ್ಲಿ ಕತೆಗಳನ್ನು ಹೇಳುವುದನ್ನು ಹೊಸ ಬೋಧಕರಿಗೆ ಕಲಿಸಬೇಕಿತ್ತು. ಸ್ಟೇಶನ್ನಿನ ಹತ್ತಿರ ಅವರ ಮನೆಯ ಪಡಸಾಲೆಯಲ್ಲಿ ಕೂರುತ್ತಿದ್ದೆವು. ಮೊದಲ ದಿನವೇ, ಹಿಟ್ಟಿನಲ್ಲಿ ಕಲಸಿದ ಚೂರು ಹುಳಿ ಆ ಹಿಟ್ಟನ್ನೆಲ್ಲ ಉಬ್ಬಿಸುವ ದೃಷ್ಟಾಂತದ ಕತೆ ಬಂತು. ಜೋಳದ ರೊಟ್ಟಿ ಬಡಿಯುವ ನಮ್ಮ ಹೆಂಗಸರಿಗೆ ಹಿಟ್ಟು ಹುಳಿಬರಿಸುವುದು ಗೊತ್ತಿಲ್ಲ.

"ನಿಮ್ಮ ಕಡೆ ಇದನ್ನು ಹೇಗೆ ಹೇಳಿದರೆ ತಿಳಿಯುತ್ತದೆ?" ಎಂದು ಅವರಾಗಿಯೇ ಕೇಳಿದರು.

"ಹಾಲಿಗೆ ಹೆಪ್ಪು ಹಾಕೋದು ಅಂದ್ರ ಎಲ್ಲರಿಗೂ ತಿಳೀತದ್ರಿ" ಎಂದೆ.

"ಪುಸ್ತಕದಲ್ಲಿರುವುದು ಹಿಟ್ಟು, ಹಾಲಲ್ಲ" ಎಂದರು.

"ಪುಸ್ತಕ ಮುಚ್ಚೀನಲ್ರಿ" ಎಂದೆ.

ಅವರು ಮೊದಲ ಸಲ ಬಾಯಿ ಬಿಟ್ಟು ನಕ್ಕರು. ಆದರೂ ಒಪ್ಪಲಿಲ್ಲ. ನಾನೂ ಬಿಡಲಿಲ್ಲ. ಊಟಕ್ಕೆ ಕರೆಯಲು ಅವರ ಹೆಂಡತಿ ಎರಡು ಸಲ ಬಂದು ಹೋದರು. ನಾವು ಇನ್ನೂ ಹಾಲು ಹಿಟ್ಟಿನ ನಡುವೆಯೇ ಇದ್ದೆವು.