ಅಂಗಾಲಿನ ಸುದ್ದಿ

ನಮ್ಮ ಯಜಮಾನರ ಬಾಯಿಗೆ ಬೀಗ ಇಲ್ಲ. ಅದಕ್ಕೇ ಮದುವೆಯಾದ ವರ್ಷದಿಂದಲೂ ನಮ್ಮಿಬ್ಬರಲ್ಲಿ ಒಂದು ಒಪ್ಪಂದ: ನಾಲ್ಕು ಜನರ ಎದುರು ಅವರ ಮಾತು ಹಳಿ ತಪ್ಪಿದರೆ ನಾನು ಮೇಜಿನ ಕೆಳಗೆ ಅವರ ಕಾಲು ತುಳೀಬೇಕು, ಅವರು ಬಾಯಿ ಮುಚ್ಚಬೇಕು. ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಕಾಲು ಅದು. ನನ್ನ ತುಳಿತಕ್ಕೂ ಚೆನ್ನಾಗಿ ಪಳಗಿತ್ತು.

ಹೋದ ವರ್ಷ ಅಣ್ಣನ ಮನೆಯಲ್ಲಿ ಊಟಕ್ಕೆ ಕೂತಾಗ, "ಅತ್ತಿಗೆ ಹಾಡೋಕೆ ಶುರು ಮಾಡಿದ್ರೆ ನಂಗೆ ಬಸ್ಸಿನ ಹಳೇ ಬ್ರೇಕ್ ನೆನಪಾಗುತ್ತೆ" ಅಂದರು. ತುಳಿದೆ. ಮಾತು ನಿಲ್ಲಲಿಲ್ಲ. ಹಿಮ್ಮಡಿ ಊರಿ ತುಳಿದೆ. "ಅದೇ, ಕೀ... ಅನ್ನೋ ಸದ್ದು" ಅಂತ ಅಭಿನಯ ಬೇರೆ! ಅತ್ತಿಗೆಯ ಮುಖ ಸಪ್ಪಗಾಯಿತು. ಮನೆಗೆ ಬಂದು ರೇಗಿದೆ: "ಅಷ್ಟು ತುಳಿದ್ರೂ ಗೊತ್ತಾಗಲ್ವೇನ್ರೀ?" ಅವರು ನನ್ನ ಮುಖ ನೋಡಿ, "ಯಾವಾಗ ತುಳಿದೆ?" ಅಂದರು. ಕಾಲುಚೀಲ ತೆಗೆದರೆ ಬೆರಳು ಕೆಂಪಗೆ ಬಾತಿತ್ತು. ಮರುದಿನವೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಸಕ್ಕರೆ ಕಾಯಿಲೆ. ಡಾಕ್ಟರಮ್ಮ ಬಿಡಿಸಿ ಹೇಳಿದರು. ಅಂಗಾಲಿಗೆ ಏನೇ ತಾಕಿದರೂ ಆ ಸುದ್ದಿ ನರದ ಎಳೆ ಹಿಡಿದು ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಹೋಗಬೇಕಂತೆ. ಸುಡುವಂಥದ್ದಾದರೆ, ಮಿದುಳಿಗೆ ತಿಳಿಯೋ ಮೊದಲೇ ಬೆನ್ನುಹುರಿ ಕಾಲನ್ನು ಹಿಂದಕ್ಕೆ ಎಳೆಸುತ್ತದಂತೆ. ಪಾದಕ್ಕೆ ಹೋಗುವ ಎಳೆಗಳೇ ಎಲ್ಲಕ್ಕಿಂತ ಉದ್ದ, ಅದಕ್ಕೇ ಸಕ್ಕರೆಗೆ ಮೊದಲು ಸೋಲೋದೂ ಅವೇ. "ಅಲ್ಲಿಂದ ಸುದ್ದಿನೇ ಹೊರಡ್ತಿಲ್ಲ ಅಂದ್ಮೇಲೆ ಮಿದುಳು ಪಾಪ ಏನ್ಮಾಡುತ್ತೆ?" ಅಂದರು. ಮೂರು ತಿಂಗಳು ರಜೆ, ಔಷಧಿ, ಆಮೇಲೆ ಮತ್ತೆ ಪರೀಕ್ಷೆ. ಪಾಸಾದರೆ ಬಸ್ಸು, ಇಲ್ಲದಿದ್ದರೆ ಇಲ್ಲ.

ಆ ಮೂರು ತಿಂಗಳು ಯಜಮಾನರ ಪಾಡು ನೋಡೋಕಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಸಮವಸ್ತ್ರ ಇಸ್ತ್ರಿ ಮಾಡಿ, ಮತ್ತೆ ಬೀರುವಿನಲ್ಲೇ ತೂಗುಹಾಕೋರು. ಬೀದಿಯಲ್ಲಿ ಬಸ್ಸು ಹೋದರೆ ಕೂತಲ್ಲೇ ಬಲಗಾಲು ಒತ್ತೋರು. "ಪೆಡಲಿನ ನಡುಕ ಅಂಗಾಲಿಗೆ ಬರ್ತಿತ್ತು ಕಣೇ, ರಸ್ತೆ ಹೇಗಿದೆ ಅಂತ ಅದೇ ಹೇಳೋದು. ಒಂದ್ಸಲ, ಒಂದೇ ಸಲ ಅದು ಮತ್ತೆ ಬರಲಿ" ಅನ್ನೋರು. ನನಗೇನು ಆಸೆ ಇರಲಿಲ್ಲವೇ? ದಿನಾ ಅವರ ಪಾದಕ್ಕೆ ಮುಲಾಮು ಹಚ್ಚುವಾಗ ಬೇಕಂತಲೇ ಉಗುರು ಒತ್ತುತ್ತಿದ್ದೆ, ಒಮ್ಮೆಯಾದರೂ "ಅಯ್ಯೋ, ಕೊಂದ್ಯಲ್ಲೇ!" ಅಂತ ಬೈದುಬಿಡಲಿ ಅಂತ. ಬೈಯಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಮೆಲ್ಲಗೆ ಶುರುಮಾಡಿದರು. "ಕಣ್ಣು ಮುಚ್ಚಿಸಿ ಪಾದಕ್ಕೆ ನೈಲಾನ್ ದಾರ ತಾಗಿಸ್ತಾರೆ, ಗೊತ್ತಾದ್ರೆ ಹೂಂ ಅನ್ಬೇಕು. ತಾಗಿಸಿದಾಗೆಲ್ಲ ನೀನು ಒಂಚೂರು ಕೆಮ್ಮು. ನಾನು ಹೂಂ ಅಂತೀನಿ."

"ಕಳ್ಳಾಟಕ್ಕೆ ನಾನೇ ಸಿಕ್ಕಿದ್ನಾ?" ಅಂದೆ. ಅವರು ಅಂಗಲಾಚುವ ಹಾಗೆ ನೋಡಿದರು. ಅದೇನೋ, ನನ್ನ ಬಾಯಲ್ಲಿ "ಆಯ್ತು" ಅಂತ ಬಂದುಬಿಟ್ಟಿತು.

ಮರುದಿನ ಆಸ್ಪತ್ರೆಯ ಮಂಚದ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ ಕೂತರು. ಡಾಕ್ಟರಮ್ಮ ದಾರವನ್ನು ಹೆಬ್ಬೆರಳಿಗೆ ಒತ್ತಿದರು, ದಾರ ಬಾಗಿತು. ಗಂಟಲಿಗೆ ಬಂದ ಕೆಮ್ಮನ್ನು ನಾನು ನುಂಗಿಕೊಂಡೆ. ಬಸ್ಸಿನ ತುಂಬ ಜನ ಇರ್ತಾರಲ್ಲ! ಬ್ರೇಕಿನ ಮೇಲೆ ಕಾಲಿದೆಯೋ ಇಲ್ಲವೋ ಗೊತ್ತಾಗದ ಮನುಷ್ಯನ ಕೈಗೆ ಅವರನ್ನೆಲ್ಲ ಹೇಗೆ ಒಪ್ಪಿಸಲಿ? ಕಿರುಬೆರಳು, ಅಂಗಾಲು, ಆಮೇಲೆ ಇನ್ನೊಂದು ಪಾದ. ನಾನು ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದೆ. ಎರಡೂ ಪಾದ ಮುಗಿಸಿ ಡಾಕ್ಟರಮ್ಮ ದಾರ ಕೆಳಗಿಟ್ಟರು.

ಯಜಮಾನರು ಕಣ್ಣು ಮುಚ್ಚಿಕೊಂಡೇ, ನನ್ನ ಕಡೆಗೆ ಕಿವಿ ಕೊಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡರು.

"ನಾನು ರೆಡಿ ಡಾಕ್ಟ್ರೇ," ಅಂದರು. "ಶುರು ಮಾಡಿ."