ಸುತ್ತು ಹಾಕದೆ ಇಳಿದ ವಿಮಾನ

ಐಲ್ಸಾ ಟ್ರೆಗೆನ್ಜಾ ಕಳೆದ ಮಂಗಳವಾರ ಮಧ್ಯಾಹ್ನ ತೀರಿಕೊಂಡಳು. ಬಿಟರ್‌ವೆಲ್ ಊರಾಚೆಯ ರನ್‌ವೇ ಪಕ್ಕದಲ್ಲಿ, ಪಬ್ಬಿನ ಹಳೆಯ ಪಿಕಪ್ ಗಾಡಿಯ ನೆರಳಿಗೆ ಕೂತವಳು ಮತ್ತೆ ಏಳಲಿಲ್ಲ. ಹೃದಯ ನಿಂತಿತು ಎಂದು ನರ್ಸ್ ಹೇಳಿದಳು. ಬದುಕಿದ್ದರೆ ಐಲ್ಸಾ ಆ ಮಾತನ್ನೂ ನಂಬುತ್ತಿರಲಿಲ್ಲ. "ಸರಿಯಾಗಿ ನೋಡಿ ಹೇಳ್ತಿದ್ಯಾ, ಇಲ್ಲ ಅಂದಾಜಿಗೆ ಬಿಡ್ತಿದ್ಯಾ?" ಎಂದು ಕೇಳಿರುತ್ತಿದ್ದಳು.

ಅವಳು ಯಾರನ್ನೂ ನಂಬುತ್ತಿರಲಿಲ್ಲ. ಊರಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ರೇಡಿಯೊದಲ್ಲಿ ಮಳೆ ಬರುತ್ತದೆ ಎಂದರೆ ಹೊರಗೆ ಹೋಗಿ ಇರುವೆಗಳನ್ನು ನೋಡಿ ಬರುತ್ತಿದ್ದಳು. ಪಾದ್ರಿ ತಿಂಗಳಿಗೊಮ್ಮೆ ಬಂದು ಪ್ರಾರ್ಥನೆ ಮಾಡಿದರೆ ಒಂದು ಕಣ್ಣು ತೆರೆದುಕೊಂಡೇ ಕೂತಿರುತ್ತಿದ್ದಳು.

ಗಂಡ ರಾಯ್ ಗ್ರೇಡರ್ ಓಡಿಸುತ್ತಿದ್ದ. ಮಣ್ಣಿನ ರಸ್ತೆಗಳನ್ನೂ ರನ್‌ವೇಯನ್ನೂ ಸಮ ಮಾಡುವುದು ಅವನ ಕೆಲಸ. ಅವನು ತೀರಿಹೋದ ಮೇಲೆ ರನ್‌ವೇ ಅವಳ ಪಾಲಿಗೆ ಬಂತು. ಬೆಳಿಗ್ಗೆ ಪಿಕಪ್‌ನಲ್ಲಿ ಆ ತುದಿಯಿಂದ ಈ ತುದಿಗೆ ಓಡಿಸಿ ಕಾಂಗರೂಗಳನ್ನು ಅಟ್ಟುವುದು, ಮೊಲ ತೋಡಿದ ಬಿಲ ಮುಚ್ಚುವುದು, ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಗಾಳಿಚೀಲ ಹರಿದರೆ ಇಳಿಸಿ ಹೊಲಿಯುವುದು. ಇದರ ಜೊತೆಗೆ ಆ ಪಿಕಪ್‌ನ ಜವಾಬ್ದಾರಿ. ವಿಮಾನದಲ್ಲಿ ಬಂದವರು ಊರು ತಿರುಗಲಿ ಎಂದು ಪಬ್ಬಿನ ಮಾಲೀಕ ಮೋರಿ ಅದನ್ನು ಅಲ್ಲಿ ಬಿಟ್ಟಿದ್ದ. ಕೀಲಿ ಗಾಡಿಯಲ್ಲೇ ಇರುತ್ತಿತ್ತು. ಬೇಕಾದವರು ತೆಗೆದುಕೊಂಡು ಹೋಗಬಹುದು, ವಾಪಸು ತಂದು ನಿಲ್ಲಿಸಬೇಕು, ಅಷ್ಟೆ.

ಆ ಒಂದು "ಅಷ್ಟೆ"ಯಲ್ಲಿ ಐಲ್ಸಾಗೆ ನಂಬಿಕೆ ಹೋಗಿ ಬಹಳ ಕಾಲವಾಗಿತ್ತು. ನಾಜೂಕಾಗಿ ಮಾತಾಡುವ ಒಬ್ಬ ಪೈಲಟ್ "ಹಳ್ಳದ ತನಕ ಹೋಗಿ ಬರ್ತೀನಿ" ಎಂದು ಗಾಡಿ ಒಯ್ದು, ಆಕ್ಸಲ್ ಮುರಿದು, ಗಾಡಿಯನ್ನು ಹಳ್ಳದಲ್ಲೇ ಬಿಟ್ಟು, ಯಾರಿಗೂ ಹೇಳದೆ ಹಾರಿಹೋಗಿದ್ದ. ಅಂದಿನಿಂದ ಅವಳ ಜೇಬಿನಲ್ಲಿ ಸೀಮೆಸುಣ್ಣ ಇರುತ್ತಿತ್ತು. ಗಾಡಿ ನಿಲ್ಲಿಸಿದ ಮೇಲೆ ಟಯರಿನ ಮೇಲೆ, ಅದು ನೆಲ ಮುಟ್ಟುವ ಜಾಗದಲ್ಲಿ ಸಣ್ಣ ಗೀಟು ಎಳೆಯುತ್ತಿದ್ದಳು. ಮತ್ತೆ ಬಂದು ನೋಡಿದಾಗ ಗೀಟು ಬೇರೆ ಕಡೆ ಇದ್ದರೆ ಗಾಡಿ ಹೊರಗೆ ಹೋಗಿ ಬಂದಿದೆ ಎಂದು ಅರ್ಥ. "ನಾನು ಮುಟ್ಟೇ ಇಲ್ಲ" ಎಂದವರು ಎಷ್ಟೋ ಜನ ಅವಳ ಕೈಗೆ ಸಿಕ್ಕಿಬಿದ್ದಿದ್ದರು.

ನಮ್ಮ ಕಡೆ ಸಣ್ಣ ವಿಮಾನದಲ್ಲಿ ಬರುವವರು ಇಳಿಯುವ ಮುಂಚೆ ಪಬ್ಬಿನ ತಗಡಿನ ಸೂರಿನ ಮೇಲೆ ಎರಡು ಸುತ್ತು ಹಾಕುತ್ತಾರೆ. ನಾನು ಬಂದೆ, ಯಾರಾದರೂ ಗಾಡಿ ತನ್ನಿ, ಬಿಯರ್ ತಣ್ಣಗಿರಲಿ ಎಂದು ಅದರ ಅರ್ಥ. ಒಳಗೆ ಕೂತವರಲ್ಲಿ ಒಬ್ಬರು ಗೊಣಗುತ್ತಾ ಎದ್ದು ಹೊರಡುತ್ತಾರೆ. ಎರ್ವಿನ್ ನೋಸ್ಕೆ ಮೊದಲ ಸಲ ಬಂದಾಗ ಸುತ್ತು ಹಾಕಲಿಲ್ಲ.

ಹಳದಿ ಬಣ್ಣದ, ರೆಕ್ಕೆ ಮೇಲಿರುವ ಪುಟ್ಟ ವಿಮಾನ. ದಕ್ಷಿಣದಿಂದ ನೇರ ಬಂದು ಸದ್ದಿಲ್ಲದೆ ಇಳಿಯಿತು. ಜರ್ಮನ್ನರು ಬಂದು ನೆಲೆಸಿದ ಬರೋಸಾ ಕಡೆಯ ಮುದುಕ, ಐಲ್ಸಾಳ ವಯಸ್ಸೇ ಇದ್ದೀತು. ವಿಮಾನವನ್ನು ಹಗ್ಗದಿಂದ ನೆಲಕ್ಕೆ ಕಟ್ಟಿದ, ರೆಕ್ಕೆಯ ಕೆಳಗೆ ಡೇರೆ ಹಾಕಿದ, ಒಳಗಿನಿಂದ ಮಡಿಚಿಟ್ಟ ಸೈಕಲ್ಲೊಂದನ್ನು ಇಳಿಸಿ ಬಿಡಿಸಿದ. ಆಮೇಲೆ ಹಿಂದಿನ ಕ್ಯಾರಿಯರ್‌ಗೆ ಬಟ್ಟೆ ಸುತ್ತಿದ ಪೆಟ್ಟಿಗೆಯೊಂದನ್ನು ಬಿಗಿದು ಹಳ್ಳದ ಕಡೆ ಹೋದ. ಪಬ್ಬಿಗೆ ಬರಲಿಲ್ಲ. ಪಿಕಪ್ ಕಡೆ ತಿರುಗಿಯೂ ನೋಡಲಿಲ್ಲ.

"ಏನೋ ಇದೆ," ಎಂದಳು ಐಲ್ಸಾ.

"ಏನಿರತ್ತೆ ಮಾರಾಯ್ತಿ? ಒಬ್ಬನೇ ಇರೋಕೆ ಇಷ್ಟ ಇರಬಹುದು," ಎಂದ ಮೋರಿ, ಗ್ಲಾಸು ಒರೆಸುತ್ತಾ.

"ಒಬ್ಬನೇ ಇರೋಕೆ ಮನೇಲಿ ಜಾಗ ಇರಲಿಲ್ವಾ? ಇಷ್ಟು ದೂರ ಹಾರಿ ಬಂದು, ಪುಕ್ಕಟೆ ಗಾಡಿ ಬೇಡ, ಬಿಯರ್ ಬೇಡ, ಪೆಡಲ್ ತುಳೀತೀನಿ ಅಂತಾನೆ. ಹಳ್ಳದ ಮರದಲ್ಲೀಗ ಕಾಕಟೂಗಳು ಮೊಟ್ಟೆ ಇಟ್ಟಿವೆ. ಆ ಪೆಟ್ಟಿಗೆಗೆ ಬಟ್ಟೆ ಯಾಕೆ ಸುತ್ತಿದಾನೆ ಹೇಳು."

ಗಿಣಿ, ಕಾಕಟೂಗಳ ಮೊಟ್ಟೆ ಕದ್ದು ಬೆಚ್ಚಗಿಟ್ಟುಕೊಂಡು ಹೊರದೇಶಕ್ಕೆ ಸಾಗಿಸುವವರ ಸುದ್ದಿ ಎಲ್ಲರೂ ಕೇಳಿದ್ದರು. ಸಂಜೆಯ ಹೊತ್ತಿಗೆ ಎರ್ವಿನ್ ಮೊಟ್ಟೆಗಳ್ಳನೇ ಆಗಿಬಿಟ್ಟಿದ್ದ.

ಮರುದಿನ ಅವನು ಹಳ್ಳದಲ್ಲಿ ಮುಖ ತೊಳೆಯುತ್ತಿದ್ದಾಗ ಐಲ್ಸಾ ಹಿಂದಿನಿಂದ ಹೋಗಿ, ಸೈಕಲ್ ಮೇಲಿದ್ದ ಪೆಟ್ಟಿಗೆಯ ಬಟ್ಟೆ ಬಿಚ್ಚಿದಳು. ಒಳಗೆ ಮೊಟ್ಟೆಗಳೇ ಇದ್ದವು. ಕೋಳಿಮೊಟ್ಟೆ, ಬೇಯಿಸಿದ್ದು. ಪಕ್ಕದಲ್ಲಿ ಹೊಗೆ ಹಾಕಿದ ಸಾಸೇಜು, ಒಂದು ತುಂಡು ಕೇಕು.

"ಯಾರದು?" ಎಂದು ಎರ್ವಿನ್ ಕೇಳಿದ. ಅವಳು ಎದುರಿಗೇ ನಿಂತಿದ್ದಳು.

"ರನ್‌ವೇ ನೋಡ್ಕೊಳ್ಳೋಳು. ಐಲ್ಸಾ."

"ಓಹೋ. ಮೊಟ್ಟೆ ತಗೊಳ್ಳಿ. ಉಪ್ಪು ಮಾತ್ರ ತಂದಿಲ್ಲ."

ಅವಳು ಒಂದು ತಿಂದಳು. ಪಬ್ಬಿನಲ್ಲಿ ಇದನ್ನು ಹೇಳಿದಾಗ ಮೋರಿ ಕೌಂಟರಿಗೆ ತಲೆ ಆನಿಸಿಕೊಂಡು ನಕ್ಕ. "ಸಾಕ್ಷಿನೇ ತಿಂದು ಬಂದ್ಯಲ್ಲೇ!" ಬಹಳ ದಿನ ಅವಳು ಒಳಗೆ ಬಂದರೆ ಯಾರಾದರೂ ಕೋಳಿಯ ಹಾಗೆ ಕೂಗುತ್ತಿದ್ದರು. ಅವಳು ನಗಲಿಲ್ಲ. ಎದುರಿಗೆ ನಿಂತವಳನ್ನು ಅವನು, ಕತ್ತಲಲ್ಲಿ ಕೇಳುವ ಹಾಗೆ, "ಯಾರದು" ಎಂದು ಯಾಕೆ ಕೇಳಿದ?

ಎರ್ವಿನ್ ಪ್ರತಿವರ್ಷ ಚಳಿ ಇಳಿಯುವ ಹೊತ್ತಿಗೆ ಬರತೊಡಗಿದ. ಸುತ್ತು ಹಾಕುತ್ತಿರಲಿಲ್ಲ. ಪಬ್ಬಿನೊಳಗೆ ಬರುತ್ತಿರಲಿಲ್ಲ. ಐಲ್ಸಾ ಮಾತ್ರ ಯಾವುದಾದರೊಂದು ನೆಪ ಮಾಡಿಕೊಂಡು ಡೇರೆಯ ಹತ್ತಿರ ಹೋಗುತ್ತಿದ್ದಳು. ಕಾವಲಿಗೆ, ಎನ್ನುತ್ತಿದ್ದಳು. ಇಬ್ಬರೂ ರೆಕ್ಕೆಯ ನೆರಳಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಅವನು ಹೋದ ಮೇಲೆ ಅವಳು ಸೈಕಲ್ಲಿನ ಜಾಡು ನೋಡುತ್ತಿದ್ದಳು. ಅಷ್ಟು ಅಗಲವಾದ ರಸ್ತೆಯಲ್ಲೂ ಆ ಜಾಡು ಸದಾ ಎಡಗಡೆ, ಗ್ರೇಡರ್ ಒತ್ತರಿಸಿದ ಮಣ್ಣಿನ ದಿಬ್ಬಕ್ಕೆ ಉಜ್ಜಿಕೊಂಡೇ ಹೋಗಿರುತ್ತಿತ್ತು, ಗೋಡೆ ಹಿಡಿದು ನಡೆದ ಹಾಗೆ.

ಹೋದ ವರ್ಷಕ್ಕೆ ಹಿಂದಿನ ವರ್ಷ ಬಡಗಣದ ಬಿಸಿಗಾಳಿ ಬೇಗ ಶುರುವಾಯಿತು. ಐಲ್ಸಾ ಪಿಕಪ್ಪನ್ನು ಅವನ ಡೇರೆಯ ಪಕ್ಕದಲ್ಲೇ ನಿಲ್ಲಿಸಿದಳು. "ನೀರು ಪಬ್ಬಿನ ಟ್ಯಾಂಕಲ್ಲಿದೆ. ಗಾಡಿ ತಗೊಂಡ್ಹೋಗು, ಈ ಬಿಸಿಲಲ್ಲಿ ಸೈಕಲ್ ತುಳೀಬೇಡ," ಎಂದಳು. ಟಯರಿಗೆ ಗೀಟು ಎಳೆದು ನಡೆದು ಮನೆಗೆ ಹೋದಳು.

ಮಾರನೆಯ ದಿನ ಗೀಟು ಇದ್ದಲ್ಲೇ ಇತ್ತು. ನೀರಿನ ಕ್ಯಾನುಗಳು ತುಂಬಿದ್ದವು. ಸೈಕಲ್ಲಿನ ಹ್ಯಾಂಡಲ್ಲಿಗೆ ಎರಡು ಕಡೆ ಕ್ಯಾನು ತೂಗುಹಾಕಿಕೊಂಡು, ಆ ಗಾಳಿಯಲ್ಲಿ, ಅವನು ತಳ್ಳಿಕೊಂಡು ಬಂದಿದ್ದ. ಗಾಡಿಯನ್ನು ಕಾಪಾಡಲು ಎಳೆದ ಗೀಟು ಅವತ್ತು ಅವಳನ್ನು ಹೆದರಿಸಿತು. ಜನ ಗಾಡಿ ಮುಟ್ಟಿ ಮುಟ್ಟಿಲ್ಲ ಎಂದದ್ದನ್ನು ಅವಳು ಕಂಡಿದ್ದಳು. ಕೊಟ್ಟ ಗಾಡಿಯನ್ನು ಮುಟ್ಟದವನನ್ನು ಕಂಡಿರಲಿಲ್ಲ.

ಅವಳಿಗೆ ಒಂದು ಯೋಚನೆ ಬಂತು. ಅದು ಸುಳ್ಳಾಗಲಿ ಎಂದುಕೊಂಡೇ ಡೇರೆಗೆ ಹೋದಳು. ಎರ್ವಿನ್ ಚಹಾಕ್ಕೆ ನೀರಿಟ್ಟಿದ್ದ. ಮರುದಿನ ಬೆಳಿಗ್ಗೆ ಅವನು ಮನೆಗೆ ಹಾರುವುದೆಂದು ಆಗಿತ್ತು.

"ಗಾಳಿ ಯಾವ ಕಡೆಯಿಂದ ಎರ್ವಿನ್?" ಎಂದು ಕೇಳಿದಳು.

ಅವನು ಕಂಬದ ಕಡೆ ಮುಖ ಎತ್ತಿದ. ಸ್ವಲ್ಪ ಹೊತ್ತು ಹಾಗೇ ನೋಡಿದ. "ಬಡಗಣದ್ದೇ. ಜೋರಾಗಿದೆ."

"ಗಾಳಿಚೀಲ ನೋಡಿ ಹೇಳಿದ್ಯಾ?"

"ಮತ್ತೆ? ನೆಟ್ಟಗೆ ನಿಂತಿದ್ಯಲ್ಲ."

"ಅದು ನನ್ನ ತೊಡೆ ಮೇಲಿದೆ ಕಣೋ. ಹೊಲಿಯೋಕೆ ಬೆಳಿಗ್ಗೆನೇ ಇಳಿಸಿದೀನಿ."

ನೀರು ಕುದಿಯುತ್ತಿತ್ತು. ಇಬ್ಬರೂ ಅದನ್ನು ಇಳಿಸಲಿಲ್ಲ.

"ಅಂಚು ಕಾಣತ್ತೆ," ಎಂದ ಅವನು, ಕೊನೆಗೆ. "ನಡುವೆ ಮಂಜು. ಯಾರದ್ದಾದ್ರೂ ಮುಖ ನೋಡಿದ್ರೆ ಮುಖ ಇರಲ್ಲ, ಕಿವಿ ಇರತ್ತೆ. ಹೊರಗಿನ ಬೆಳಕಿಂದ ನಿಮ್ಮ ಪಬ್ಬಿನೊಳಗೆ ಬಂದ್ರೆ ಅದೂ ಇಲ್ಲ. ಕಾರು ಓಡಿಸೋ ಲೈಸೆನ್ಸ್ ಕಿತ್ಕೊಂಡ್ರು."

"ವಿಮಾನದ್ದು?"

"ಅವ್ರು ಕೇಳಿಲ್ಲ, ನಾನು ಹೇಳಿಲ್ಲ. ಮೇಲೆ ಡಿಕ್ಕಿ ಹೊಡಿಯೋಕೆ ಏನಿದೆ ಐಲ್ಸಾ? ರನ್‌ವೇ ಎರಡು ಅಂಚು ಸಾಕು ನಂಗೆ. ಪಬ್ಬಿನ ಆಂಟೆನಾ ಕಂಬ ಕಾಣಲ್ಲ, ಅದಕ್ಕೇ ಸುತ್ತು ಹಾಕಲ್ಲ."

"ಕಾಂಗರೂ ಅಂಚಲ್ಲಿ ನಿಂತಿರತ್ತಾ? ನಡುವೆ ನಿಂತಿರತ್ತೆ. ನಾನೂ ನಡುವೇನೇ ಇರ್ತೀನಿ, ದಿನಾ ಬೆಳಿಗ್ಗೆ."

ಅವನು ಕುದಿಯುತ್ತಿದ್ದ ನೀರನ್ನು ಇಳಿಸಿದ. "ನಾಳೆ ಮನೆಗೆ ಹಾರಿಸ್ಕೊಂಡು ಹೋಗ್ಬಿಡ್ತೀನಿ. ಅದೇ ಕೊನೆ. ಆಣೆ."

ಜೀವಮಾನದಲ್ಲಿ ಅವಳ ಅನುಮಾನ ಇಷ್ಟು ಸರಿಯಾಗಿ ಎಂದೂ ನಿಜವಾಗಿರಲಿಲ್ಲ. ಇಷ್ಟು ಬೇಡವಾಗಿಯೂ ಇರಲಿಲ್ಲ. ಸುಮ್ಮನಿದ್ದರೆ ಎಲ್ಲೋ ಒಂದು ಬಯಲಲ್ಲಿ ಅವನು ಸುಟ್ಟುಹೋಗಬಹುದು, ಇನ್ನೊಬ್ಬರನ್ನೂ ಕೊಲ್ಲಬಹುದು. ತಡೆದರೆ ಅವನು ಮತ್ತೆ ಈ ಕಡೆ ಬರುವುದಿಲ್ಲ. ರೆಕ್ಕೆಯ ನೆರಳಿನ ಆ ಚಹಾ ಅವಳಿಗೆ ಏನಾಗಿಬಿಟ್ಟಿತ್ತು ಎಂದು ಊರಲ್ಲಿ ಒಬ್ಬರಿಗೂ ಅವಳು ಹೇಳಿದವಳಲ್ಲ. ಪ್ರತಿವರ್ಷ ಅವನು ಬರುವ ವಾರ ರನ್‌ವೇಯನ್ನು ಎರಡೆರಡು ಸಲ ಸುತ್ತುತ್ತಿದ್ದುದನ್ನು ಮಾತ್ರ ನಾವು ಕಂಡಿದ್ದೆವು.

ಅವಳು ಎದ್ದು ಪಿಕಪ್ ಹತ್ತಿದಳು. ಅದನ್ನು ತಂದು ವಿಮಾನದ ಮೂತಿಯ ಪ್ರೊಪೆಲ್ಲರಿಗೆ ತಾಗುವಷ್ಟು ಹತ್ತಿರ ಅಡ್ಡ ನಿಲ್ಲಿಸಿದಳು. ಕೀಲಿಯನ್ನು ಗಾಡಿಯಲ್ಲೇ ಬಿಟ್ಟಳು.

"ತೆಗಿ ಐಲ್ಸಾ."

"ಕೀಲಿ ಅಲ್ಲೇ ಇದೆ. ನೀನೇ ತೆಗಿ. ಓ, ನಿನಗೆ ಲೈಸೆನ್ಸ್ ಇಲ್ವಲ್ಲ."

ಅವನು ಬರೋಸಾದ ಮುದುಕರ ಜರ್ಮನ್ನಿನಲ್ಲಿ ಬೈದ. ಅವಳಿಗೆ ಅರ್ಥವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಸಂಜೆ ಟಯರಿಗೆ ಗೀಟು ಎಳೆದಳು. ಬೆಳಿಗ್ಗೆ ಬಂದಾಗ ಗೀಟು ಅಲ್ಲೇ ಇತ್ತು. ಎರ್ವಿನ್ ಅಂಚೆ ಲಾರಿಯಲ್ಲಿ ದಕ್ಷಿಣಕ್ಕೆ ಹೊರಟುಹೋಗಿದ್ದ. ವಿಮಾನದ ಕೀಲಿ ಪಿಕಪ್‌ನ ಸೀಟಿನ ಮೇಲಿತ್ತು.

"ಒಬ್ಬ ಗಿರಾಕಿನ ಓಡ್ಸಿದೆ," ಎಂದ ಮೋರಿ.

"ಅವನು ನಿನಗೆ ಯಾವತ್ತು ಗಿರಾಕಿ ಆಗಿದ್ದ?" ಎಂದಳು. ಆ ವಾರ ಅವಳು ಪಬ್ಬಿಗೆ ಬರಲಿಲ್ಲ.

ಮುಂದಿನ ವರ್ಷ ಚಳಿ ಇಳಿಯುವ ಹೊತ್ತಿಗೆ ಅಂಚೆ ಲಾರಿಯಿಂದ ಒಂದು ಮಡಿಚಿದ ಸೈಕಲ್ಲು ಇಳಿಯಿತು, ಹಿಂದೆಯೇ ಎರ್ವಿನ್ ಇಳಿದ. "ನನ್ನ ವಿಮಾನದ ಕೆಳಗೆ ನಾನು ಮಲಗಬಹುದಲ್ಲ? ಅದಕ್ಕೂ ಲೈಸೆನ್ಸ್ ಬೇಕಾ?" ಎಂದ. ಐಲ್ಸಾ ಅದನ್ನೂ ನಂಬಲಿಲ್ಲ. ವಿಮಾನದ ಬ್ಯಾಟರಿ ಬಿಚ್ಚಿ ತನ್ನ ಮಂಚದ ಕೆಳಗಿಟ್ಟುಕೊಂಡಳು. ಕದ್ದು ಹಾರಲೆಂದೇ ಬಂದಿದ್ದಾನೆ ಎಂದು ಎಲ್ಲರಿಗೂ ಹೇಳಿದಳು. ಹೇಳುವಾಗ ಅವಳ ಮುಖ ನೋಡಬೇಕಿತ್ತು. ಆಮೇಲೆ ಎರಡೂ ಹೊತ್ತು ಚಹಾಕ್ಕೆ ಹೋದಳು.

ಈ ವರ್ಷ ಅವನು ಬಂದದ್ದು ಕಳೆದ ಮಂಗಳವಾರ ಬೆಳಿಗ್ಗೆ, ಅವಳು ತೀರಿಕೊಂಡ ದಿನವೇ. ಅವಳು ಪಿಕಪ್ ತಂದು ಲಾರಿಯ ಹತ್ತಿರ ಕಾಯುತ್ತಿದ್ದಳು. ಅವನನ್ನೂ ಸೈಕಲ್ಲನ್ನೂ ಹತ್ತಿಸಿಕೊಂಡು ನೇರ ರನ್‌ವೇಗೆ ಹೋಗದೆ ಪಬ್ಬಿನ ಸುತ್ತ ತಿರುಗಿಸಿದಳು. ಮೋರಿ ಬಾಗಿಲಿಗೆ ಬಂದ.

"ಏನೇ ಇದು, ದಾರಿ ಮರೆತ್ಯಾ?"

"ಇವನ ಬಾಕಿ ಸುತ್ತು," ಎಂದು ಕಿಟಕಿಯಿಂದ ಕೂಗಿದಳು. "ಬಿಯರ್ ತಣ್ಣಗಿಟ್ಟಿರು." ಮತ್ತೊಂದು ಸುತ್ತು ಹಾಕಿದಳು. ಎರ್ವಿನ್ ಡ್ಯಾಶ್‌ಬೋರ್ಡ್ ಹಿಡಿದುಕೊಂಡು, ಎಂಜಿನ್ನಿನ ಸದ್ದಿಗೂ ಮೇಲೆ ಕೇಳುವ ಹಾಗೆ ನಗುತ್ತಿದ್ದ.

ರನ್‌ವೇ ಪಕ್ಕದಲ್ಲಿ ಅವನು ಡೇರೆ ಹಾಕಿದ. ವಿಮಾನದ ಹಗ್ಗ ಬಿಸಿಲಿಗೆ ಪಿಸಿದುಹೋಗಿತ್ತು, ಹೊಸದು ತಂದಿದ್ದ. ರೆಕ್ಕೆಯಿಂದ ಗೂಟಕ್ಕೆ ಬೆರಳಲ್ಲೇ ತಡವಿ ಕಟ್ಟಿದ.

"ಗಟ್ಟಿ ಇದೆ," ಎಂದ.

"ನೀನು ಹೇಳಿದ್ರಾಯ್ತಾ," ಎಂದಳು ಐಲ್ಸಾ. ಮಂಡಿಯೂರಿ ಕೂತು, ಅವನು ಹಾಕಿದ ಗಂಟನ್ನು ಪೂರ್ತಿ ಬಿಚ್ಚಿ, ಮೊದಲಿಂದ ಮತ್ತೆ ಕಟ್ಟಿದಳು. ಒಂದು ಸಲ ಜಗ್ಗಿ ನೋಡಿದಳು. ನಂಬಿಕೆ ಬರದೆ ಇನ್ನೊಂದು ಸಲ ಜಗ್ಗಿದಳು.