ಗುರುವನ್ನು ಕ್ಷಮಿಸದವರು

ಬಾಡಿಗೆ ಪುಸ್ತಕದಂಗಡಿಯ ಯಜಮಾನರು ಊಟ ಬಿಟ್ಟರೂ ಬಿಟ್ಟಾರು, ಆ ಮಾಯಾಲೋಕದ ಕಾದಂಬರಿ ಸರಣಿಯ ಮುದಿ ಗುರುವನ್ನು ಬೈಯುವುದನ್ನು ಬಿಡುವವರಲ್ಲ. ಯಾರಾದರೂ ಆ ಸರಣಿಯ ಮಾತೆತ್ತಿದರೆ ಸಾಕು, ಇವರ ಗಂಟಲಿಗೆ ಹೆದರಿ ಎದುರು ಕಟ್ಟಡದ ಪಾರಿವಾಳಗಳು ಊರೇ ಬಿಟ್ಟು ಹಾರುತ್ತವೆ. "ಗುರುವಂತೆ ಗುರು! ಸಾಯೋ ದಾರಿಗೆ ಕಳಿಸ್ತಿದೀನಿ ಅಂತ ಶಿಷ್ಯನಿಗೆ ಒಂದು ಮಾತು ಹೇಳಿದ್ನಾ?" ಇದಕ್ಕೆಲ್ಲ ಸೊಪ್ಪು ಹಾಕದವರು ನಿವೃತ್ತ ನರ್ಸಮ್ಮ ಮಾತ್ರ. "ಕಳ್ಕೊಳ್ಳೋ ಭಯ ಯಜಮಾನ್ರೇ, ಅದಕ್ಕೇ ಮುಚ್ಚಿಟ್ಟ. ಪಾಪ, ಬಿಡಿ." "ಪಾಪವಂತೆ! ಪ್ರೀತಿ ಇದ್ದೋನು ಮುಚ್ಚಿಡ್ತಾನಾ ಅಕ್ಕಾ?" ತಂದಿಟ್ಟ ಚಹಾ ಆರಿ ಕೆನೆಗಟ್ಟಿದರೂ ಇಬ್ಬರೂ ಸೋಲುವುದಿಲ್ಲ. ಮಿಕ್ಕ ಓದುಗರೆಲ್ಲ ಕೊನೆಯ ಸಂಪುಟ ಓದಿ, ಗುರುವನ್ನು ಕ್ಷಮಿಸಿ, ಪುಸ್ತಕ ಒಪ್ಪಿಸಿ ಹೋದವರು ಮತ್ತೆ ಅಂಗಡಿಯ ಕಡೆ ತಲೆ ಹಾಕಿಲ್ಲ. ದಿನವಿಡೀ ಯಜಮಾನರ ಬಾಯಿಗೆ ಸಿಗುವ ಜೀವ ಈಗ ಈ ಅಕ್ಕ ಒಬ್ಬರೇ. ಅವರೂ ಹೊರಡುವಾಗಲೆಲ್ಲ ಕೊನೆಯ ಸಂಪುಟ ಬಂತೇ ಎಂದು ಕೇಳುತ್ತಾರೆ. "ಯಾರೋ ಒಯ್ದೋರು ಇನ್ನೂ ತಂದಿಲ್ಲ ಅಕ್ಕಾ, ನಾಳೆ ಬನ್ನಿ," ಎನ್ನುತ್ತಾರೆ ಯಜಮಾನರು, ದನಿ ತಗ್ಗಿಸಿ. ಆಕೆ ಬೀದಿಯ ತಿರುವು ದಾಟುವವರೆಗೂ ಕುರ್ಚಿ ಬಿಟ್ಟು ಏಳುವುದಿಲ್ಲ. ಎದ್ದರೆ, ಕೂತ ದಿಂಬಿನಡಿಯಿಂದ ಆ ಸಂಪುಟ ಇಣುಕುತ್ತದೆ.